ಜೌಗಿನ ಕೆಳಗಿನ ಬಾವಿ

ಹ್ಯಾಂಡ್‌ಪೋಸ್ಟ್ ಎಂಬ ಊರಿನ ಕಡೆಗೆ ಮದುವೆ ಮಾಡಿ ಕೊಟ್ಟಿದ್ದ ಮಗಳು ಬಾಣಂತನಕ್ಕೆಂದು ಹಾರನಹಳ್ಳಿ ಪಕ್ಕದ ನಮ್ಮ ಊರಿಗೆ ಬಂದಿದ್ದಳು. ಎದೆಹಾಲು ಸಾಲದೆ ಮಗುವಿಗೆ ಬೋರ್‌ವೆಲ್ ನೀರಿನಲ್ಲಿ ಹಾಲಿನ ಪುಡಿ ಕಲಸಿ ಬಾಟಲಿಯಲ್ಲಿ ಕುಡಿಸುತ್ತಿದ್ದೆವು. ಮಗುವನ್ನು ನೋಡಲು ಬಂದ ನರ್ಸಮ್ಮ, ನಮ್ಮ ಬೋರ್‌ವೆಲ್ ಶುಂಠಿ ಹೊಲದ ಮಗ್ಗುಲಲ್ಲೇ ಇರುವುದನ್ನು ಕಂಡು ನೀರು ಪರೀಕ್ಷೆಯ ಪಟ್ಟಿಗಳ ಒಂದು ಡಬ್ಬಿ ಕೊಟ್ಟುಹೋದರು. ನೀರಿನಲ್ಲಿ ಗೊಬ್ಬರದ ನೈಟ್ರೇಟ್ ಇದ್ದರೆ ಅದ್ದಿದ ಪಟ್ಟಿ ಗುಲಾಬಿಯಾಗುತ್ತದಂತೆ. ನಮ್ಮದು ಬೀಟ್‌ರೂಟ್ ಬಣ್ಣಕ್ಕೇ ತಿರುಗಿತು.

"ಕಾಯ್ಸೇ ಕುಡುಸ್ತೀವಲ್ಲ ಸಿಸ್ಟರೇ," ಎಂದೆ ಫೋನಿನಲ್ಲಿ. ಕಾಯಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಹೆಚ್ಚುತ್ತದೆ, ಎಳೆಮಗುವಿನ ರಕ್ತಕ್ಕೆ ಅದು ಆಗಿಬರುವುದಿಲ್ಲ, ಮೈ ನೀಲಿಗಟ್ಟುತ್ತದೆ ಎಂದರು. ಶುಂಠಿಗೆ ಯೂರಿಯಾ ಸುರಿದವನು ನಾನೇ.

ಹೊಲದ ಕೆಳಗೆ ಒಂದು ಜೌಗು, ಅದರಾಚೆ ಹಳೇ ಬಾವಿ. ಕೆಸರು ವಾಸನೆ ಎಂದು ಆ ನೀರನ್ನು ದನಗಳಿಗೆ ಮಾತ್ರ ಬಿಟ್ಟಿದ್ದೆವು. ಸುಮ್ಮನೆ ಅಲ್ಲೂ ಒಂದು ಪಟ್ಟಿ ಅದ್ದಿದೆ. ಬಿಳಿಯಾಗೇ ಉಳಿಯಿತು. ಇನ್ನೊಂದು ಅದ್ದಿದೆ, ಅದೂ ಬಿಳಿ. ಮೇಲಿನ ಹೊಲದ ನೀರೇ ತಾನೆ ಇಲ್ಲಿಗೆ ಬಸಿಯುವುದು? ಹಾಗಾದರೆ ಯೂರಿಯಾ ಎಲ್ಲಿಗೆ ಹೋಯಿತು?

ನನಗೆ ಹುಚ್ಚು ಹಿಡಿಯಿತು. ಪಂಚೆ ಎತ್ತಿ ಕಟ್ಟಿ, ಕೆಸರಿನಲ್ಲಿ ಹೆಜ್ಜೆಗೊಂದು ಗುಂಡಿ ತೋಡಿ, ಬಸಿದ ನೀರಿಗೆ ಪಟ್ಟಿ ಅದ್ದುತ್ತಾ ಇಳಿದೆ. ಶುಂಠಿಯ ಬದುವಿನಲ್ಲಿ ಕಡುಗುಲಾಬಿ, ಜೊಂಡಿನ ನಡುವೆ ತಿಳಿಗುಲಾಬಿ, ಬಾವಿಯ ಹತ್ತಿರ ಬಿಳಿ. ಹೆಂಡತಿ ಬದುವಿನ ಮೇಲೆ ನಿಂತು, "ಮಗೀಗೆ ನೀರ್ ತತ್ತೀನಿ ಅಂದೋರು ಮೀನ್ ಇಡೀತಿದ್ದೀರಾ?" ಎಂದಳು.

ಹುಣಸೂರಿನಲ್ಲಿ ಮಣ್ಣು ಪರೀಕ್ಷೆಯ ಕೆಲಸದಲ್ಲಿರುವ ಷಡ್ಡಕನನ್ನು ಕೇಳಿದೆ. "ಆ ಕೊಚ್ಚೇಲಿ ಗಾಳಿ ಆಡಲ್ಲ ಕಣಣ್ಣ. ಅಲ್ಲಿರೋ ಸೂಕ್ಷ್ಮಜೀವಿಗಳು ಉಸಿರಾಡಕ್ಕೆ ನೈಟ್ರೇಟಲ್ಲಿರೋ ಆಮ್ಲಜನಕಾನೇ ಕಿತ್ಕೊತವೆ. ಮಿಕ್ಕಿದ್ದು ಬರೀ ಗಾಳಿ, ಮೇಲಕ್ಕೆ ಓಯ್ತದೆ," ಎಂದ. ಕೊಳೆತ ಜೊಂಡೇ ಅವುಗಳ ಊಟವಂತೆ. ನೀರು ಆ ಕರಿಮಣ್ಣಿನೊಳಗೆ ನಿಧಾನವಾಗಿ ನುಸುಳಬೇಕು, ಅಷ್ಟೇ. ನಾನು ಮೂಗು ಮುಚ್ಚಿಕೊಂಡು ದಾಟುತ್ತಿದ್ದ ಜಾಗದಲ್ಲಿ ಇಷ್ಟೊಂದು ಕೆಲಸ ನಡೆಯುತ್ತಿತ್ತು! ಟೀ ಅಂಗಡಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಇದನ್ನೇ ಕೊರೆದೆ.

ಅಂದಿನಿಂದ ಮಗುವಿಗೆ ಬಾವಿ ನೀರು ಕಾಯಿಸಿ ಕೊಡತೊಡಗಿದೆವು. ಬಿಂದಿಗೆ ಹೊತ್ತು ಬರುವಾಗ ಹೆಂಡತಿ ಎರಡು ಸಲ ಕೆಸರಿನಲ್ಲಿ ಜಾರಿ ಬಿದ್ದಳು. ಪಾಪ ಎನಿಸಿ, ಶುಂಠಿ ಹೊಲದಿಂದ ಬಾವಿಯ ಮಗ್ಗುಲಿನವರೆಗೆ ಜೌಗನ್ನು ಸೀಳಿ, ನೀರು ಬಸಿದುಹೋಗಲೆಂದು ಕಾಲುವೆ ತೆಗೆದೆ. ಅಗೆದ ಮಣ್ಣನ್ನು ಪಕ್ಕಕ್ಕೆ ಒಟ್ಟಿ ದಾರಿ ಮಾಡಿದೆ. ವಾರದಲ್ಲಿ ದಾರಿ ಒಣಗಿತು. "ಈಗ ಓಡಾಡಂಗಾಯ್ತು ಬುಡಿ," ಎಂದಳು. ನಾನು ಉಬ್ಬಿಹೋದೆ.

ತಿಂಗಳ ಮೇಲೆ ಮತ್ತೆ ಬಂದ ನರ್ಸಮ್ಮ ತಮ್ಮ ಚೀಲದಿಂದ ಒಂದು ಪಟ್ಟಿ ತೆಗೆದು ಅಡುಗೆಮನೆಯ ಬಿಂದಿಗೆಗೆ ಅದ್ದಿದರು. ಗುಲಾಬಿ. ನಾನು ತೋಡಿದ ಕಾಲುವೆ ನೆನಪಾಯಿತು. ಹೊಲದ ನೀರು ಕರಿಮಣ್ಣಿನೊಳಗೆ ನುಸುಳದೆ, ಕಾಲುವೆ ಹಿಡಿದು ನೆಟ್ಟಗೆ ಬಾವಿಗೆ ಬರುತ್ತಿತ್ತು. ಅವರು ಮಗುವಿನ ತುಟಿ, ಉಗುರು ನೀಲಿಗಟ್ಟಿವೆಯೇ ಎಂದು ನೋಡಿ, ಸದ್ಯ ಏನೂ ಆಗಿಲ್ಲ, ಇವತ್ತಿನಿಂದಲೇ ಬೇರೆ ನೀರು ತನ್ನಿ ಎಂದರು.

"ಯಾವತ್ತಿಂದ ಇಂಗಾಗಿರದಪ್ಪ?" ಎಂದು ಮಗಳು ಕೇಳಿದಳು.

"ಗೊತ್ತಿಲ್ಲ ಕಣವ್ವ," ಎಂದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಜೌಗಿನ ಗುಂಡಿಗುಂಡಿಗೂ ಪಟ್ಟಿ ಅದ್ದಿ ಡಬ್ಬಿ ಖಾಲಿ ಮಾಡಿದ್ದವನು, ಮಗುವಿನ ನೀರಿಗೆಂದು ಒಂದನ್ನೂ ಉಳಿಸಿರಲಿಲ್ಲ.

ಮಗಳು ಮಗುವನ್ನು ನನ್ನ ತೊಡೆಯಿಂದ ಎತ್ತಿಕೊಂಡು ಒಳಗೆ ಹೋದಳು.