ಉಪ್ಪಿನ ಬಾಗಿಲು

ಬೀದರಿನಲ್ಲಿ ತಂಗಿ ತೀರಿಕೊಂಡಳೆಂದು ಫೋನು ಬಂದಾಗ ನಾನು ಸಿದ್ದಾಪುರದ ಬಸ್ಸಿನಲ್ಲಿದ್ದೆ. ಮಣ್ಣು ಮಾಡುವ ಹೊತ್ತಿಗೆ ಅಷ್ಟು ದೂರ ಹೋಗಿ ಮುಟ್ಟುವಂತಿರಲಿಲ್ಲ. ಒಣಗಿದ ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ. ಔಷಧದ ಹೊತ್ತಾಗಿತ್ತೆಂದು, ಕಣ್ಣು ಒಣಗುವುದಕ್ಕೆ ಡಾಕ್ಟರು ಕೊಟ್ಟಿದ್ದ ಹನಿ ಬಿಟ್ಟುಕೊಂಡೆ. ಸ್ವಲ್ಪ ಹೊತ್ತಿಗೆ ಕೆನ್ನೆ ತೊಯ್ದಿತು.

ಪಕ್ಕದಲ್ಲಿದ್ದ, ಕಾಫಿ ಕುಯ್ಯಲು ಹೊರಟ ಹೆಂಗಸು ಕೈ ಹಿಡಿದಳು. "ಅಳ್ಬೇಡಿ ಅಜ್ಜಿ. ಯಾರು ಹೋದ್ರು?"

ಅಳು ಬಾರದ ನಾನು, ಹೋದದ್ದು ತಂಗಿ ಎಂದು ಹೇಗೆ ಹೇಳಲಿ? "ಯಾರೂ ಇಲ್ಲಮ್ಮ, ಇದು ಔಷಧ. ಕಣ್ಣಿನ ಜೀವಕೋಶಗಳು ಒಂದಕ್ಕೊಂದು ಕಳಿಸೋ ಸುದ್ದಿ ಇದ್ದಹಾಗಂತೆ. ಇದು ಮುಟ್ಟಿದ್ರೆ ಅವು ಉಪ್ಪಿನ ಬಾಗಿಲು ತೆಗೀತಾವೆ. ಉಪ್ಪಿನ ಹಿಂದೆ ನೀರು ಬರುತ್ತೆ."

"ಹಾಗಾದ್ರೆ ನೀರು ಬಾಟ್ಲಿದಲ್ಲ, ನಿಮ್ದೇ ಅಲ್ವಾ?" ಎಂದಳು. ಕೈ ಬಿಡಲಿಲ್ಲ.

"ತಂಗಿ ಹೋದ್ಲು," ಎಂದೆ.

ಅಂದಿನಿಂದ ಅವಳಿಗಾಗಿ ದಿನಕ್ಕೆ ಆರು ಸಲ ಅಳುತ್ತಿದ್ದೇನೆ, ಡಾಕ್ಟರು ಚೀಟಿಯಲ್ಲಿ ಬರೆದಂತೆ, ಹೊತ್ತು ತಪ್ಪಿಸದೆ.