ಮಾದಮ್ಮನ ಬೋಣಿ

ತಿ. ನರಸೀಪುರದ ಮಾರ್ಕೆಟ್ ಬೀದಿಯಲ್ಲಿ ಬೆಳಗಿನ ಏಳು ಗಂಟೆಗೆ ಮುಂಚೆ ಮಾದಮ್ಮನನ್ನು ಸೊಪ್ಪು ಕೇಳಿದವರು ಬರಿಗೈಲಿ ಹೋಗಬೇಕಿತ್ತು. ಗೋಣಿತಾಟಿನ ಮೇಲೆ ದಂಟು, ಸಬ್ಬಸಿಗೆ, ಮೆಂತ್ಯ, ಕೀರೆ ಎಲ್ಲವೂ ನೀರು ಚಿಮುಕಿಸಿಕೊಂಡು ಸಾಲಾಗಿ ಕೂತಿರುತ್ತಿದ್ದವು. ಆದರೂ ಅವಳು, "ಇನ್ನೂ ಬೋಣಿ ಆಗಿಲ್ಲ ಕಣವ್ವ, ಆಮೇಲ್ ಬಾ" ಎಂದು ಕಳಿಸಿಬಿಡುತ್ತಿದ್ದಳು.

ಊರಿನವರಿಗೆ ಇದು ತಲೆಕೆಳಗಿನ ಮಾತು. ಬೋಣಿಯಾಗದ ಅಂಗಡಿಯವರು ಗಿರಾಕಿಯನ್ನು ಕೂಗಿ ಕರೆಯುತ್ತಾರೆ, ಅಟ್ಟುವುದಿಲ್ಲ. ದಿನದ ಮೊದಲ ವ್ಯಾಪಾರಕ್ಕೆ ಆ ಬೀದಿಯಲ್ಲಿ ದೇವರ ಮರ್ಯಾದೆ. ಬೋಣಿಗೆ ಬಂದವರಿಗೆ ಇಲ್ಲ ಅನ್ನಬಾರದು, ಉದ್ದರಿ ಕೊಡಬಾರದು, ಎರಡು ರೂಪಾಯಿ ಇಳಿಸಿಯಾದರೂ ಕೊಟ್ಟು ಕಳಿಸಬೇಕು. ಬಂದ ನೋಟನ್ನು ಕಣ್ಣಿಗೊತ್ತಿಕೊಳ್ಳಬೇಕು. ಎಲ್ಲರೂ ಫೋನಿನಲ್ಲೇ ದುಡ್ಡು ಕಳಿಸುವ ಈ ಕಾಲದಲ್ಲೂ ಬೋಣಿಗೆ ಮಾತ್ರ ನೋಟೇ ಆಗಬೇಕು. ಡಬ್ಬಿಯೊಳಗಿಂದ ಕೂಗಿ ಹೇಳುವ ದುಡ್ಡನ್ನು ಕಣ್ಣಿಗೆ ಒತ್ತಿಕೊಳ್ಳುವುದು ಹೇಗೆ? ಚಂದಾ ಎತ್ತುವವರನ್ನು, ಕೈಸಾಲಕ್ಕೆ ಬಂದ ನೆಂಟರನ್ನು ಸಾಗಹಾಕಲಿಕ್ಕೂ ಅದೇ ಮಾತು: "ಇನ್ನೂ ಬೋಣಿನೇ ಆಗಿಲ್ವಲ್ಲ." ಎಲ್ಲಕ್ಕಿಂತ ಮುಖ್ಯ, ಬೋಣಿ ಮಾಡುವ ಕೈ ಒಳ್ಳೆಯದಿರಬೇಕು. ಕೈಗುಣ ಇದ್ದರೆ ಸಂಜೆಯೊಳಗೆ ಬುಟ್ಟಿ ಬರಿದಾಗುತ್ತದೆ.

ಮಾದಮ್ಮ ಕಾಯುತ್ತಿದ್ದದ್ದು ಅಂಥ ಒಂದು ಕೈಗೆ.

ಹನ್ನೊಂದು ವರ್ಷದ ಹಿಂದೆ ಅವಳೂ ಅವಳ ಗಂಡ ನಿಂಗರಾಜುವೂ ಕಪಿಲೆಯ ದಡದಲ್ಲಿ ಅರ್ಧ ಎಕರೆ ಗುತ್ತಿಗೆಗೆ ಹಿಡಿದು ಸೊಪ್ಪು ಬೆಳೆದರು. ಮೊದಲ ದಿನ ಬೀದಿಯಲ್ಲಿ ಕೂತಾಗ ಇಬ್ಬರು ಹೆಂಗಸರು ಬಂದು ಕಟ್ಟು ಎತ್ತಿಕೊಂಡರು. "ಯಾವೂರಮ್ಮ? ಯಾವ ಬೀದಿ?" ಎಂದು ಕೇಳಿದರು. ಮಾದಮ್ಮ ಹೇಳಿದಳು. ಇಬ್ಬರಿಗೂ ಮನೆಯಲ್ಲಿ ಸೊಪ್ಪಿರುವುದು ನೆನಪಾಯಿತು. ಆಮೇಲೆ ಬಂದವರೂ ಹಾಗೇ. ಬಿಸಿಲೇರಿ ದಂಟು ತಲೆ ಬಾಗಿಸಿತು. ಅವಳು ಗೋಣಿತಾಟು ಮಡಚುವ ಹೊತ್ತಿಗೆ ಒಂದು ಬೈಕು ನಿಂತಿತು. ಎತ್ತರದ ಆಳು, ಹಣೆ ತುಂಬ ವಿಭೂತಿ. ಯಾವ ಬೀದಿ ಎಂದು ಕೇಳಲಿಲ್ಲ. ಕಟ್ಟನ್ನು ಅವಳ ಕೈಯಿಂದಲೇ ಇಸಕೊಂಡು, ನೋಟನ್ನು ಅವಳ ಕೈಗೇ ಇಟ್ಟರು.

"ಬೋಣಿ ಆಗಿತ್ತಾ?"

"ಇಲ್ಲ ಸಾ."

"ಈಗಾಯ್ತು ತಗೋ. ನಿನ್ ಕೈ ಒಳ್ಳೇದು ಕಣವ್ವ."

ವಿಭೂತಿಯವರು ಕೊಂಡದ್ದನ್ನು ಬೀದಿ ನೋಡಿತು. ಒಬ್ಬೊಬ್ಬರಾಗಿ ಬಂದರು. ಅಂದು ಮಾದಮ್ಮ ಮನೆಗೆ ಬರೀ ಗೋಣಿತಾಟು ಹೊತ್ತು ನಡೆದಳು.

ಅವರ ಹೆಸರು ಅಮೃತೇಶ್, ಊರು ನಂಜನಗೂಡು. ಮಾವನ ಮನೆಯ ಹೊಲ ಈ ಕಡೆ ಇದ್ದುದರಿಂದ ದಿನಾ ನಸುಕಿಗೇ ಬಂದು, ಏಳರ ಹೊತ್ತಿಗೆ ಈ ಬೀದಿಯಲ್ಲಿ ಹಿಂದಿರುಗುತ್ತಿದ್ದರು. ಮಠದ ದಾಸೋಹಕ್ಕೆ ಸೊಪ್ಪು ಸೇವೆ ತಮ್ಮದು ಎಂದು ಹೇಳಿ ಚೀಲ ತುಂಬ ಒಯ್ಯುತ್ತಿದ್ದರು. ಬೋಣಿಯ ದರ, ಮೇಲೆ ದಾಸೋಹ. ಮಾದಮ್ಮ ಅರ್ಧ ಬೆಲೆಗೆ ಕೊಡುತ್ತಿದ್ದಳು, ಕೊಟ್ಟು ಸಂತೋಷಪಡುತ್ತಿದ್ದಳು. ಪಂಕ್ತಿಯಲ್ಲಿ ಕೂತ ಮಕ್ಕಳ ಎಲೆಯ ಮೇಲೆ ತಾನು ಕಿತ್ತ ಸೊಪ್ಪಿನ ಸಾರು ಹರಿಯುವುದನ್ನು ಎಷ್ಟೋ ಸಲ ಮನಸ್ಸಿನಲ್ಲೇ ನೋಡಿದ್ದಳು.

ಪಕ್ಕದಲ್ಲಿ ತೆಂಗಿನಕಾಯಿ ಮಾರುವ ಪುಟ್ಟಗೌರಮ್ಮ ನಂಬುವವಳಲ್ಲ. "ದಿನಾ ಇಷ್ಟೊಂದ್ ಸೊಪ್ಪಾ? ಅವ್ರ ದಾಸೋಹದಲ್ಲಿ ಉಣ್ಣೋರು ಮನುಸ್ರಾ, ಆಡುಗಳಾ?"

"ಬಾಯಿ ಮುಚ್ಚು ಗೌರಕ್ಕ, ದೇವ್ರ ಕೆಲ್ಸ ಅದು."

"ಆಯ್ತಾಯ್ತು. ನಿನ್ ದೇವ್ರು ಬೈಕಲ್ ಬತ್ತದೆ, ಹಾರನ್ ಹೊಡೀತದೆ."

ಈ ವರ್ಷ ಬೀದಿಯ ತಿರುವಿನಲ್ಲಿ, ಪುಟ್ಟಗೌರಮ್ಮ ಕೂರುವ ಜಾಗದ ಹಿಂದೆಯೇ, ಮಾದಮ್ಮನಿಗೆ ಒಂದು ಪುಟ್ಟ ಮಳಿಗೆ ಬಾಡಿಗೆಗೆ ಸಿಕ್ಕಿತು. ಮೂರು ಗೋಡೆ, ಒಂದು ಶೆಟರ್. ಇನ್ನು ಬಿಸಿಲು ಮಳೆಗೆ ಅಂಜಬೇಕಿಲ್ಲ. ಮೊದಲ ಬೋಣಿ ಯಾರ ಕೈಲಿ ಎಂದು ಅವಳು ಯೋಚಿಸಬೇಕಾಗಿಯೇ ಇರಲಿಲ್ಲ, ಅದು ಅಮೃತೇಶರದೇ.

"ಹೆಂಗೂ ನಾಳೆ ಬೆಳಗ್ಗೆ ಬತ್ತಾರೆ, ಬಂದಾಗ ಹೇಳಿದ್ರಾಯ್ತಲ್ಲ" ಎಂದ ನಿಂಗರಾಜು.

"ಬೀದೀಲಿ ನಿಂತು ಕರಿಯೋ ಮಾತಾ ಇದು? ಎಲೆ ಅಡಿಕೆ ಇಟ್ಟು ಮನೆಗೋಗಿ ಕರೀಬೇಕು."

ಮಧ್ಯಾಹ್ನ ವ್ಯಾಪಾರ ಮುಗಿಸಿ, ಒಳ್ಳೆಯ ಸೀರೆ ಉಟ್ಟು, ಎಲೆ ಅಡಿಕೆ ಬಾಳೆಹಣ್ಣಿನ ಚೀಲ ಹಿಡಿದು ನಂಜನಗೂಡಿನ ಬಸ್ಸು ಹತ್ತಿದಳು. ಬಜಾರಿನಲ್ಲಿ ಇಳಿದು ಹೂವಿನವಳನ್ನು ವಿಚಾರಿಸಿದಳು.

"ಯಾರು, ಸೊಪ್ಪಿನ ಅಮೃತೇಶಣ್ಣಾರಾ? ಅಲ್ಲೇ, ಹಸಿರು ಬೋರ್ಡು ಕಾಣ್ತದಲ್ಲ, ಅದೇ ಅವರಂಗ್ಡಿ."

ಅಂಗಡಿ?

ಹಸಿರು ಬೋರ್ಡಿನ ಮೇಲೆ 'ನಮ್ಮ ತೋಟದ ಸೊಪ್ಪು' ಎಂದು ಬರೆದಿತ್ತು. ಕೆಳಗೆ ಹಲಗೆಯ ಮೇಲೆ ಕಟ್ಟುಗಳು. ಬಾಳೆನಾರನ್ನು ಎರಡು ಸುತ್ತು ಸುತ್ತಿ, ಗಂಟು ಹಾಕದೆ ತುದಿಯನ್ನು ಒಳಗೆ ಸಿಕ್ಕಿಸಿದ ಕಟ್ಟುಗಳು. ಹಾಗೆ ಕಟ್ಟುವುದು ಮಾದಮ್ಮನ ಬೆರಳಿಗಷ್ಟೇ ಗೊತ್ತು. ನಿನ್ನೆ ಸಂಜೆ ಜಗುಲಿಯಲ್ಲಿ ಕೂತು ಅವಳೇ ಕಟ್ಟಿದ್ದು.

ಒಬ್ಬ ಹೆಂಗಸು ಸಬ್ಬಸಿಗೆ ಹಿಡಿದು ನಿಂತಿದ್ದಳು. "ಪೂಜೆ ದಿನದ ಅಡುಗೆಗೆ ಅಣ್ಣ, ಎಲ್ಲಿಂದು ಇದು?"

"ನಮ್ದೇ ಬಿಳಿಗೆರೆ ತೋಟದ್ದಕ್ಕ. ನಮ್ಮನೆಯವ್ರೇ ಕಿತ್ತು ಕಟ್ಟಿದ್ದು. ಬೇರೆ ಯಾರ ಕೈಯೂ ಸೋಕಿಲ್ಲ, ಧೈರ್ಯವಾಗಿ ತಗಳಿ."

ಹೇಳಿ ತಲೆಯೆತ್ತಿದ ಅಮೃತೇಶರಿಗೆ ಮಾದಮ್ಮ ಕಂಡಳು. ಕಣ್ಣು ಒಂದು ಗಳಿಗೆ ನಿಂತಿತು. ಆಮೇಲೆ ಎಂದೂ ನೋಡದವರಂತೆ, "ಏನ್ ಬೇಕಮ್ಮ?" ಎಂದರು.

ಮಾದಮ್ಮನ ಬಾಯಲ್ಲಿ ಬಂದದ್ದು ಇಷ್ಟೇ: "ಒಂದ್ ಕಟ್ಟು ದಂಟು."

ಕೊಟ್ಟ ನೋಟನ್ನು ತೆಗೆದುಕೊಂಡರು. ಕಟ್ಟನ್ನು ಅವಳ ಕೈಗೆ ಕೊಡದೆ ಹಲಗೆಯ ಅಂಚಿನಲ್ಲಿ ಇಟ್ಟರು. ಬೆಳಗ್ಗೆ ಅವಳು ಮಾರಿದ್ದರ ಮೂರು ಪಟ್ಟು ಬೆಲೆ. ಆದರೆ ಬಸ್ಸಿನ ಕಿಟಕಿಗೆ ತಲೆಯಾನಿಸಿ ಬರುವಾಗ ಅವಳು ಯೋಚಿಸಿದ್ದು ಬೆಲೆಯನ್ನಲ್ಲ. ಯಾರ ಕೈಯೂ ಸೋಕಿಲ್ಲ ಎನ್ನುವಾಗ ಅವರ ದನಿ ಒಂದಿಷ್ಟೂ ತಡವರಿಸಲಿಲ್ಲ. ಹನ್ನೊಂದು ವರ್ಷ ಹೇಳಿ ಹೇಳಿ ನುಣುಪಾದ ಮಾತು ಅದು. ಚೀಲದ ಬಾಳೆಹಣ್ಣನ್ನು ಪಕ್ಕದ ಸೀಟಿನ ಮಗುವಿಗೆ ಕೊಟ್ಟಳು. ಮನೆಗೆ ಬಂದವಳೇ ನಾಳೆಯ ಸೊಪ್ಪು ಕಟ್ಟಲು ಕೂತಳು.

ಮರುದಿನ ಬೆಳಗ್ಗೆ ಮಳಿಗೆಗೆ ಮಾವಿನ ತೋರಣ ಕಟ್ಟಿ ಸೊಪ್ಪು ಜೋಡಿಸಿಕೊಂಡು ಕೂತಿದ್ದಾಗ, ಎಂದಿಗಿಂತ ಮುಂಚೆಯೇ ಬೈಕು ಬಂದು ನಿಂತಿತು. ಅಮೃತೇಶ್ ಚೀಲ ಹಿಡಿದು ಮೆಟ್ಟಿಲ ಬಳಿ ನಿಂತರು.

"ಅದು ಯಾಪಾರದ ಮಾತು ಕಣವ್ವ. ಅಲ್ಲಿಯವ್ರಿಗೆ ಅಂಗೇಳ್ದೆ ಇದ್ರೆ ತಗಳಲ್ಲ. ನಿಂಗೇನು ಕಮ್ಮಿ ಆಯ್ತು? ದಿನಾ ಬಂದು ಬೋಣಿ ಮಾಡ್ಲಿಲ್ವಾ? ನಾ ಬರ್ದೆ ಇದ್ದಿದ್ರೆ ಈ ಬೀದಿ ನಿನ್ ಕೈಲಿ ಸೊಪ್ಪು ತಗತಿತ್ತಾ?"

ಅದು ಸುಳ್ಳಲ್ಲವಲ್ಲ ಎನ್ನುವುದೇ ಮಾದಮ್ಮನನ್ನು ಹೆಚ್ಚು ನೋಯಿಸಿತು. ಅವಳಿಗೆ ಒಂದೇ ಒಂದು ವಿಷಯ ತಿಳಿಯಬೇಕಿತ್ತು.

"ಮೊದಲ್ನೇ ದಿನ ಬಂದ್ರಲ್ಲ ಸಾ. ಅವತ್ತೂ ಮಾರಕ್ಕೇ ತಗಂಡಿದ್ದಾ?"

ಅವರು ತೋರಣದ ಕಡೆ ನೋಡಿದರು. ಆಗ ಮಾತ್ರ ಸುಳ್ಳು ಹೇಳಲು ಆಗಲಿಲ್ಲವೋ, ಬೇಕೆನಿಸಲಿಲ್ಲವೋ.

"ಬಿಸ್ಲೇರಿತ್ತು. ಯಾರೂ ತಗತಿರ್ಲಿಲ್ಲ. ಅಗ್ಗಕ್ಕೆ ಸಿಗ್ತದಲ್ಲ ಅಂತ ನಿಲ್ಸ್‌ದೆ."

ಮಾದಮ್ಮ ಎದುರಿನ ದಂಟಿನ ಕಟ್ಟನ್ನು ಹಿಂದಕ್ಕೆ ಸರಿಸಿಕೊಂಡಳು.

"ಇವತ್ತು ನಿಮಗೆ ಕೊಡಲ್ಲ ಸಾ. ನಾಳೆನೂ ಇಲ್ಲ."

"ಬೋಣಿಗೆ ಬಂದೋರ್ಗೆ ಇಲ್ಲ ಅಂತೀಯಾ? ಹೊಸಾ ಅಂಗ್ಡೀಲಿ? ಉದ್ಧಾರ ಆಯ್ತೀಯ ಬುಡು!"

ಬೈಕು ಹೋಯಿತು. ತೆಂಗಿನಕಾಯಿ ಜೋಡಿಸುತ್ತಿದ್ದ ಪುಟ್ಟಗೌರಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬೈಕು ಹೋದ ದಿಕ್ಕಿಗೆ ಒಮ್ಮೆ ನೋಡಿ ಮತ್ತೆ ಕಾಯಿ ಜೋಡಿಸತೊಡಗಿದಳು.

ಆರೂವರೆಯಾಯಿತು. ಏಳಾಯಿತು. ಹಾಲಿಗೆ ಬಂದವರು, ವಾಕಿಂಗ್ ಹೊರಟವರು ಮಳಿಗೆಯ ಮುಂದೆಯೇ ಹಾದುಹೋದರು. ಒಬ್ಬರೂ ನಿಲ್ಲಲಿಲ್ಲ. ಈ ಹೊತ್ತಿನಲ್ಲಿ ಮಾದಮ್ಮ ಕೊಡುವುದಿಲ್ಲ ಎಂದು ಹನ್ನೊಂದು ವರ್ಷದಲ್ಲಿ ಬೀದಿಗೆಲ್ಲ ಪಾಠವಾಗಿತ್ತು. ಆ ಪಾಠ ಹೇಳಿಕೊಟ್ಟವಳೂ ಅವಳೇ. ಬೇರೆಯವರಂತೆ ಕೂಗಿ ಕರೆದು ಅಭ್ಯಾಸವೂ ಇರಲಿಲ್ಲ.

ಅವಳು ಎದ್ದು ಮೆಟ್ಟಿಲಿಳಿದು ಬೀದಿಗೆ ಬಂದಳು. ಮೊದಲ ಕೂಗು ಪುಟ್ಟಗೌರಮ್ಮನ ಕಾಯಿರಾಶಿಯನ್ನೂ ದಾಟಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು, ಇನ್ನೊಮ್ಮೆ, ಬೀದಿಯ ಆ ತುದಿಗೂ ಕೇಳುವ ಹಾಗೆ ಕೂಗಿದಳು:

"ದಂಟು... ಕೀರೆ... ಸಬ್ಬಸಿಗೇ... ನಾನೇ ಬೆಳ್ದಿರೋದು, ಬನ್ರವ್ವಾ!"