ನೀರು ಮುಟ್ಟಿಸಬಾರದ ಗೌನು

ಆ ಮಧ್ಯಾಹ್ನ ಸೋಸಲೆಯ ನನ್ನ ತಂಗಿಯ ಮನೆಯ ಜಗುಲಿಯಲ್ಲಿ ನಾವು ನಾಲ್ವರು ಹೆಂಗಸರಿದ್ದೆವು. ಗೋಡೆಗೊರಗಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ನಮ್ಮವ್ವ, ಅವಳಿಗೆದುರಾಗಿ ತಂಗಿ, ನಂಜನಗೂಡಿನಿಂದ ಬಂದು ಆಗತಾನೇ ಬಸ್ಸಿಳಿದು ಸೆರಗಿನಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದ ನಾನು, ಮತ್ತೆ ಏಳು ತಿಂಗಳು ತುಂಬಿ ಹೆರಿಗೆಗೆಂದು ತವರಿಗೆ ಬಂದಿದ್ದ ತಂಗಿಯ ಮಗಳು. ಯುಗಾದಿ ಕಳೆದು ಎರಡು ವಾರವಾಗಿತ್ತು. ಹೊಳೆ ಕಡೆಯಿಂದಲೂ ಗಾಳಿಯಿಲ್ಲ. ಅಂಥ ಉರಿಯಲ್ಲಿ ಹುಡುಗಿ ನೈಟಿಯ ಮೇಲೊಂದು ದಪ್ಪನೆಯ, ತೋಳಿಲ್ಲದ ಬೂದು ಗೌನು ತೊಟ್ಟು ಕೂತಿದ್ದಳು. ಕುತ್ತಿಗೆಯ ಸುತ್ತ ಬೆವರುಸಾಲೆ ಎದ್ದು ಕೆಂಪಗಾಗಿತ್ತು.

“ಇದೇನವ್ವ ನಿನ್ನ ವೇಷ?” ಅಂದೆ.

ಅವಳ ಬದಲು ತಂಗಿ ಹೇಳಿದಳು. “ಫೋನಿಂದ ರೇಡಿಯೇಷನ್ ಬತ್ತದಂತೆ ಕಣಕ್ಕ. ಮಗೀಗೆ ತಗಲ್ದಂಗೆ ಇದು ತಡೀತದಂತೆ. ಬೆಳ್ಳಿ ಎಳೆ ಸೇರಿಸಿ ನೇಯ್ದವ್ರಂತೆ. ನಿಮ್ಮ ನಂಜನಗೂಡಲ್ಲೇ ತಗೊಂಡಿರೋದು.”

“ಮನಗುವಾಗ್ಲೂ ಬಿಚ್ಚಾಕಿಲ್ಲ,” ಅವ್ವ ಬೀಜವನ್ನು ಮೊರಕ್ಕೆ ಎಸೆದಳು. “ಒಗೆಯಂಗೂ ಇಲ್ವಂತೆ. ನೀರು ಮುಟ್ಸುದ್ರೆ ಸಕ್ತಿ ಒಂಟೋಯ್ತದಂತೆ. ನೀರ್ಗೆ ಆಕ್ಬಾರದ ಬಟ್ಟೆ ಯಾವ ಸೀಮೆ ಬಟ್ಟೆಯಮ್ಮಿ?”

ನಮ್ಮ ಮನೆಯಲ್ಲಿ ಅಂಗಡಿಯಿಂದ ಬಂದ ಯಾವ ಬಟ್ಟೆಯೂ ಒಮ್ಮೆ ನೀರು ಕಾಣದೆ ಮೈಮೇಲೆ ಏರಿದ್ದಿಲ್ಲ. ಅಂಚಿಗೆ ಅರಿಶಿನ ಹಚ್ಚಿ, ನೀರಿಗದ್ದಿ, ನೆರಳಲ್ಲಿ ಒಣಗಿಸಿ ಆಮೇಲೆ ಉಡುವುದು. ಗಂಜಿ ಎಷ್ಟು, ಬಣ್ಣ ನಿಲ್ಲುತ್ತದೋ ಇಲ್ಲವೋ, ಎಲ್ಲವನ್ನೂ ನೀರೇ ಹೇಳಿಬಿಡುತ್ತದೆ ಎನ್ನುವುದು ಅವ್ವನ ಮಾತು. ಬಸುರಿಯ ಹೊಟ್ಟೆಗೆ ತಾಗುವ ಬಟ್ಟೆಗೆ ಎರಡು ತಿಂಗಳಿಂದ ನೀರು ಸೋಕಿಲ್ಲವಲ್ಲ ಎಂದು ಅವಳಿಗೆ ಸಿಟ್ಟು. ನನ್ನ ಸಿಟ್ಟು ಬೇರೆ. ಆ ವಾರ ಹುಡುಗಿಗೆ ಎರಡು ಸಲ ತಲೆಸುತ್ತು ಬಂದು, ಒಂದು ಸಲ ಬಚ್ಚಲ ಬಾಗಿಲಲ್ಲೇ ಕುಸಿದು ಕೂತಿದ್ದಳಂತೆ.

“ಬಿಚ್ಚು ಅದನ್ನ. ಫೋನ್ ಸುತ್ತಿ ನೋಡಾನ. ತಡೆದ್ರೆ ತಿರ್ಗ ತೊಟ್ಕೊಳೀವಂತೆ,” ಅಂದೆ.

“ಬ್ಯಾಡ ದೊಡ್ಡವ್ವ.”

“ಯಾಕೆ?”

ಗೌನಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಆಮೇಲೆ ಹೇಳಿದ್ದು ಇಷ್ಟು. ಗೌನು ಮಾರುವವನು ಇದು ಎಷ್ಟನೆಯ ಬಸಿರು ಎಂದು ಕೇಳಿದನಂತೆ. ಮೊದಲನೆಯದು ನಾಲ್ಕನೇ ತಿಂಗಳಲ್ಲಿ ಹೋಯಿತು ಎಂದು ಇವಳು ಹೇಳಿದಳು. ಆಗ ಫೋನ್ ಎಲ್ಲಿಟ್ಟುಕೊಳ್ಳುತ್ತಿದ್ದಿರಿ ಎಂದನಂತೆ. ಗಂಡನಿಗೆ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಫೋನನ್ನು ಹೊಟ್ಟೆಯ ಮೇಲಿಟ್ಟು, ಸ್ಪೀಕರ್ ಹಾಕಿ, ಮಲಗಿಕೊಂಡೇ ಅವನ ಜೊತೆ ಮಾತಾಡುತ್ತಿದ್ದೆ ಎಂದು ಇವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

“ಅದಕ್ಕೆ ಅವನೇನಂದ?”

“ಏನೂ ಅನ್ನಲಿಲ್ಲ ದೊಡ್ಡವ್ವ. ಲೊಚಗುಟ್ಟಿದ.”

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಸುಳ್ಳಾಡಿದ್ದರೆ ಸುಳ್ಳು ಅನ್ನಬಹುದಿತ್ತು. ನಾಲಿಗೆಯನ್ನು ಅಂಗುಳಿಗೆ ತಾಗಿಸಿ ಒಂದು ಸದ್ದು ಮಾಡಿದ, ಅಷ್ಟೇ. ಮಗು ಕಳೆದುಕೊಂಡವಳ ತಲೆಗೆ ಆ ಸಾವನ್ನೂ ಕಟ್ಟಿ, ಗೌನು ಮಡಿಚಿ ಕವರಿಗೆ ಹಾಕಿ ಕೊಟ್ಟ. ಅವನ ಹತ್ತಿರ ಒಂದು ಮೀಟರಿತ್ತಂತೆ. ಫೋನಿನ ಹತ್ತಿರ ಹಿಡಿದರೆ ಕೀಂ ಅನ್ನುತ್ತದೆ, ಗೌನು ಅಡ್ಡ ಹಿಡಿದರೆ ಸುಮ್ಮನಾಗುತ್ತದೆ. ಮೀಟರು ಅವನದು, ಗೌನು ಅವನದು, ಮೀಟರಿನ ಗುಂಡಿ ಅದುಮುವ ಬೆರಳೂ ಅವನದೇ. ಎರಡು ತಿಂಗಳು ಹುಡುಗಿ ಹೆತ್ತ ತಾಯಿಗೂ ಹೇಳದೆ ಇದನ್ನು ಹೊತ್ತು ತಿರುಗಿದ್ದಳು. ಈಗ ಬರೆಯುವಾಗಲೂ ನನ್ನ ಮೈ ಉರಿಯುತ್ತದೆ.

ತಂಗಿ ಸೆರಗನ್ನು ಬಾಯಿಗೊತ್ತಿಕೊಂಡಳು. ಅವ್ವ ಮೊರ ಸರಿಸಿ, ಹುಣಸೆಯ ಅಂಟು ಕೈಯನ್ನು ಸೀರೆಗೇ ಒರೆಸಿಕೊಂಡು ಮೊಮ್ಮಗಳ ಮಗ್ಗುಲಿಗೆ ಜರುಗಿದಳು.

“ನಿನ್ ದೊಡ್ಡವ್ವನ್ಗಿಂತ ಮುಂಚೆ ನಂಗೆ ಎರಡು ಓದ್ವು ಕಣಮ್ಮಿ. ಆಗ ಊರ್ಗೆ ಲೈಟ್ ಕಂಬಾನೂ ಬಂದಿರ್ನಿಲ್ಲ. ನಾನೇನ್ ಒಟ್ಟೆ ಮ್ಯಾಲೆ ಇಟ್ಕಂಡಿದ್ದೆ?”

ನನಗಿಂತ ಮೊದಲು ಎರಡು ಹೋಗಿದ್ದವು ಎಂಬುದು ಅರವತ್ತು ಹತ್ತಿರವಾದ ನನಗೆ ಅವತ್ತೇ ತಿಳಿದದ್ದು.

ಅವ್ವನೇ ಗೌನಿನ ಗುಂಡಿ ಬಿಚ್ಚಿದಳು. ಹುಡುಗಿ ಬೇಡ ಅನ್ನಲಿಲ್ಲ. ಅವಳ ಫೋನನ್ನು ಗೌನಿನಲ್ಲಿ ನಾಲ್ಕು ಸುತ್ತು ಸುತ್ತಿ, ಮೇಲಿನಿಂದ ಕೈಯಿಟ್ಟು ಒತ್ತಿ ಹಿಡಿದೆ. ನನ್ನ ಫೋನಿಂದ ಕರೆ ಮಾಡಿದೆ. ಗಂಟಿನೊಳಗಿನಿಂದ ಕೊಳಲು ಊದಿದ ಹಾಗೆ ರಿಂಗಾಯಿತು.

“ಬಾಳ ಚೆಂದಾಗಿ ತಡೀತದೆ ಕಣಮ್ಮಿ,” ಅಂದಳು ಅವ್ವ.

ಹುಡುಗಿ ನಕ್ಕಳು. ನಗುತ್ತಲೇ ಅಳುವುದಕ್ಕೆ ಶುರುಮಾಡಿದಳು. ನಾವು ಯಾರೂ ತಡೆಯಲು ಹೋಗಲಿಲ್ಲ.

ಮಾರನೆಯ ದಿನ ನರಸೀಪುರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು, “ಫೋನ್ ಇಟ್ಕೊಂಡಿದ್ದಕ್ಕೆ ಗರ್ಭ ಹೋಯ್ತು ಅನ್ನೋದಕ್ಕೆ ಆಧಾರ ಇಲ್ಲಮ್ಮ. ಈ ಸೆಕೆಲಿ ಅದನ್ನ ತೊಟ್ಕೊಂಡು ತಲೆಸುತ್ತಿ ಬಿದ್ದಿದ್ರೆ ಆಗ ನಮಗೆ ಯೋಚ್ನೆ ಆಗ್ತಿತ್ತು. ಚೆನ್ನಾಗಿ ನೀರು ಕುಡಿ,” ಅಂದರು. ನಾವು ಮನೆಗೆ ಬರುವಷ್ಟರಲ್ಲಿ ಅವ್ವ ಗೌನನ್ನು ಒಗೆಯುವ ಕಲ್ಲಿನ ಮೇಲೆ ಬಡಿದು ಹರವಿದ್ದಳು. ಆಮೇಲೆ ಅದು ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆಯಾಯಿತು.

ನನಗೆ ಸಮಾಧಾನವಾಗಲಿಲ್ಲ. ಹುಡುಗಿಯಿಂದ ಗುರುತು ಕೇಳಿಕೊಂಡು, ನಂಜನಗೂಡಿಗೆ ಹಿಂದಿರುಗಿದವಳೇ ಗೌನು ಮಾರಿದವನ ಅಂಗಡಿಗೆ ಹೋದೆ. ಇಸ್ತ್ರಿ ಅಂಗಿಯ, ಮಾತು ಬಲ್ಲ ಮನುಷ್ಯ. ನಿನ್ನ ಗೌನು ಏನನ್ನೂ ತಡೆಯಲ್ಲ ಅಂದೆ.

“ಒಗೆದಿದೀರಾ ಮೇಡಂ? ಒಗೆದಿದ್ರೆ ಗ್ಯಾರಂಟಿ ಬರಲ್ಲ.”

“ಒಗೆಯೋಕ್ ಮುಂಚೇನೇ ಅದರೊಳಗೆ ಫೋನ್ ಬಡ್ಕೊಂತಪ್ಪ.”

“ಸಿಗ್ನಲ್ ಹೋಗುತ್ತೆ ಮೇಡಂ. ಕೆಟ್ಟ ಕಿರಣ ಮಾತ್ರ ತಡೆಯೋದು.”

“ಬಾಗಿಲಲ್ಲಿ ನಿಂತ್ಕೊಂಡು ನೀನ್ ಒಳ್ಳೇವ್ನಾ ಕೆಟ್ಟೋನಾ ಅಂತ ಕೇಳ್ತದಾ ನಿನ್ನ ಗೌನು?”

ಪಕ್ಕದಲ್ಲಿ ಗೌನು ನೋಡುತ್ತಿದ್ದ ಹೆಂಗಸೊಬ್ಬಳು ಅದನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದಳು. ಅವನು ದುಡ್ಡು ವಾಪಸ್ ಕೊಡುತ್ತೇನೆ, ಒಳಗೆ ಬನ್ನಿ ಎಂದ. ದುಡ್ಡು ಬೇಡ ಅಂದೆ. “ಆ ಹುಡುಗಿಗೆ ಒಂದು ಫೋನ್ ಮಾಡು. ಲೊಚಗುಟ್ಟಿದ್ದು ತಪ್ಪಾಯ್ತು, ನಿನ್ನದೇನೂ ತಪ್ಪಿಲ್ಲ ತಾಯಿ ಅನ್ನು. ಅಷ್ಟು ಸಾಕು.” ಚೀಟಿಯಲ್ಲಿ ನಂಬರು ಬರೆದುಕೊಟ್ಟೆ. ಅವನು ಅದನ್ನು ಮೀಟರಿನ ಕೆಳಗಿಟ್ಟುಕೊಂಡ. ಫೋನ್ ಮಾಡಲಿಲ್ಲ.

ಜೂನ್ ಕೊನೆಯಲ್ಲಿ, ಬೆಳಿಗ್ಗೆ ನಾನು ಹಾಲು ಕಾಯಿಸುತ್ತಿದ್ದಾಗ ನರಸೀಪುರದ ಆಸ್ಪತ್ರೆಯಿಂದ ಕರೆ ಬಂತು. ಮಾತಾಡಿದ್ದು ಹುಡುಗಿಯೇ. ಹೆಣ್ಣು ಮಗು, ನನ್ನ ಹೊಟ್ಟೆ ಮೇಲೇ ಮಲಗಿದೆ, ಪಕ್ಕದಲ್ಲಿ ಫೋನಿಟ್ಟು ಸ್ಪೀಕರ್ ಹಾಕಿದೀನಿ, ಅಳೋದು ಕೇಳ್ತದಾ ದೊಡ್ಡವ್ವ ಅಂದಳು. ಕೇಳುತ್ತಿದೆ ಅಂದೆ. ಒಲೆ ಆರಿಸಿ ಬಸ್ ಸ್ಟ್ಯಾಂಡಿಗೆ ಹೊರಟೆ.